ಕಾಲರಿನ ಹಿಂದಿನ ಗುಂಡಿ

"ನಿಲ್ಲಿಸಪ್ಪಾ, ಅಲ್ಲೇ ನಿಲ್ಲಿಸು" ಎಂದು ಎದುರು ಮನೆಯ ಅಕ್ಕ ಕುರ್ಚಿಯನ್ನು ಟಿ.ವಿ.ಯ ಹತ್ತಿರಕ್ಕೆ ಎಳೆದುಕೊಂಡರು. ಪರದೆಯ ಮೇಲೆ ಡಾಕ್ಟರ್ ಅಜೀಜ್ ತನ್ನ ಕಾಲರಿನ ಗುಂಡಿ ಕಿತ್ತು ಫೀಲ್ಡಿಂಗ್ ದೊರೆಗೆ ಕೊಡುತ್ತಿದ್ದ. ನಾನು ರಿಮೋಟ್ ಒತ್ತಿ ಕಾದೆ. ಅಕ್ಕ ಏನೂ ಹೇಳಲಿಲ್ಲ. ಎದ್ದು ಒಳಗೆ ಹೋದರು.

ಜನ ಎರಡು ಪಾಳಯವಾಗಿ ಜಗಳಾಡಿದ ಸಿನಿಮಾ, ಧಾರಾವಾಹಿಗಳನ್ನು ಹುಡುಕಿ ತಂದು ಮತ್ತೊಮ್ಮೆ ನೋಡುವುದು ಈ ಅಂಕಣದ ಕೆಲಸ. ಈ ವಾರದ್ದು ಡೇವಿಡ್ ಲೀನ್ ಅವರ 'ಎ ಪ್ಯಾಸೇಜ್ ಟು ಇಂಡಿಯಾ'. ಇ. ಎಂ. ಫಾಸ್ಟರ್ 1924ರಲ್ಲಿ ಬರೆದ ಕಾದಂಬರಿಯನ್ನು ಲೀನ್ ನಮ್ಮ ಊರಿಗೆ ತಂದು ಚಿತ್ರೀಕರಿಸಿದರು. 1984ರಲ್ಲಿ ಅದು ತೆರೆಗೆ ಬಂತು. ಕಥೆಯ ಚಂದ್ರಾಪುರದ ಬಜಾರು ಎದ್ದು ನಿಂತದ್ದು ಬೆಂಗಳೂರು ಅರಮನೆ ಮೈದಾನದಲ್ಲಿ. ಮರಾಬಾರ್ ಗುಹೆಗಳಾದದ್ದು ಸಾವನದುರ್ಗ ಮತ್ತು ರಾಮನಗರದ ಬಂಡೆಗಳು. ಫಾಸ್ಟರ್ ಮನಸ್ಸಿನಲ್ಲಿದ್ದದ್ದು ಬಿಹಾರದ ಬರಾಬರ್ ಗುಹೆಗಳು. ಲೀನ್‌ಗೆ ಬೇಕಾದ ಎತ್ತರ ಮಾಗಡಿಯ ಕಡೆಯೇ ಸಿಕ್ಕಿತು. ಗುಹೆಗಳ ಬಾಯಿಯನ್ನು ಮಾತ್ರ ಚಿತ್ರತಂಡವೇ ಬಂಡೆಯಲ್ಲಿ ಮಾಡಿಸಿಕೊಂಡಿತು.

ಎಂಬತ್ತರ ದಶಕದಲ್ಲಿ ಇದನ್ನು ಮೊದಲ ಸಲ ನೋಡಿದಾಗ ನಾನು ಚಾಮರಾಜಪೇಟೆಯ ಹುಡುಗ. ದಂಡಿನ, ಅಂದರೆ ಕಂಟೋನ್ಮೆಂಟಿನ, ಒಂದು ಚಿತ್ರಮಂದಿರಕ್ಕೆ ಗೆಳೆಯನೊಬ್ಬನ ಜೊತೆ ಹೋಗಿದ್ದೆ. ಪ್ರೊಫೆಸರ್ ಗೋಡ್‌ಬೋಲೆಯಾಗಿ ಅಲೆಕ್ ಗಿನ್ನೆಸ್ ಬಂದರು. ಹಣೆಗೆ ನಾಮ, ತಲೆಗೆ ಪೇಟ, ಮುಖಕ್ಕೆಲ್ಲ ಕಂದು ಬಣ್ಣ. ಗೆಳೆಯ ಎದ್ದು ಹೊರಟೇಹೋದ. ನಾನು ಕೊನೆಯವರೆಗೂ ಕೂತೆ, ಆದರೆ ಸಿಟ್ಟಿನಲ್ಲೇ ಕೂತೆ. ವಿಕ್ಟರ್ ಬ್ಯಾನರ್ಜಿ, ರೋಶನ್ ಸೇಠ್, ಸಯೀದ್ ಜಾಫ್ರಿ ಇದ್ದ ಚಿತ್ರದಲ್ಲಿ ಒಬ್ಬ ಬ್ರಾಹ್ಮಣ ಪ್ರೊಫೆಸರ್‌ಗೆ ಇಡೀ ದೇಶದಲ್ಲಿ ನಟ ಸಿಗಲಿಲ್ಲವೇ? ಚಿತ್ರ ಬಂದ ವರ್ಷವೇ ಸಲ್ಮಾನ್ ರಶ್ದಿ ಬರೆದ 'ಔಟ್‌ಸೈಡ್ ದಿ ವೇಲ್' ಪ್ರಬಂಧವೂ ಕೈಗೆ ಸಿಕ್ಕಿತು. 'ಗಾಂಧಿ', 'ದಿ ಜ್ಯುವೆಲ್ ಇನ್ ದಿ ಕ್ರೌನ್' ಧಾರಾವಾಹಿ, ಲೀನ್‌ರ ಈ ಚಿತ್ರ ಎಲ್ಲವನ್ನೂ ಅವರು ಬ್ರಿಟನ್ನಿಗೆ ಹಿಡಿದ ಗತಕಾಲದ ಹಂಬಲವೆಂದು ಝಾಡಿಸಿದ್ದರು. ಅದನ್ನು ಓದಿದ ಮೇಲೆ ನನ್ನ ತೀರ್ಪಿಗೆ ಮೊಹರು ಬಿತ್ತು. ಎಲ್ಲಿ ಮಾತು ಬಂದರೂ ಈ ಚಿತ್ರವನ್ನು ಖಂಡಿಸಿ ಮಾತಾಡಿದೆ, ಮತ್ತೆ ನೋಡುವ ಗೋಜಿಗೆ ಹೋಗಲಿಲ್ಲ.

ಆ ಸಿಟ್ಟಿನಲ್ಲಿ ಇನ್ನೊಂದು ಸಿಟ್ಟು ಬೆರೆತಿತ್ತು ಎನ್ನುವುದು ಅದೇ ದಂಡಿನ ಹಲಸೂರಿನಲ್ಲಿ ಮೂವತ್ತು ವರ್ಷ ಬಾಳಿದ ಮೇಲೆ ಗೊತ್ತಾಯಿತು. ಪೇಟೆಯ ಹುಡುಗರಿಗೆ ದಂಡು ಎಂದರೆ ಪರವೂರು. ಅಲ್ಲಿನ ಥಿಯೇಟರುಗಳಲ್ಲಿ ಇಂಗ್ಲಿಷ್, ತಮಿಳು, ಹಿಂದಿ. ಕನ್ನಡದ ಚಿತ್ರ ಹಾಕಿಸಲು ಹೋರಾಡಬೇಕಾಗಿದ್ದ ಕಾಲ. ಗೋಕಾಕ್ ಚಳವಳಿಯ ಬಿಸಿ ಇನ್ನೂ ಆರಿರಲಿಲ್ಲ. ಲೀನ್ ಮೇಲೆ ನಾನು ಹೊರಿಸಿದ ಅರ್ಧ ಆಪಾದನೆ ನಿಜವಾಗಿ ದಂಡಿನ ಮೇಲಿದ್ದ ಆಪಾದನೆ.

ಈ ಸಲ ನೋಡಿದಾಗ ಚಿತ್ರದ ಊರು ಬೇರೆಯಾಗಿ ಕಂಡಿತು. ಚಂದ್ರಾಪುರದಲ್ಲಿ ದೊರೆಗಳ ಬಂಗಲೆಗಳು, ಕ್ಲಬ್ಬು ಒಂದು ಕಡೆ, ಬಜಾರು ಇನ್ನೊಂದು ಕಡೆ. ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ. ಇದನ್ನು ಚಿತ್ರೀಕರಿಸಲು ಬೆಂಗಳೂರಿಗಿಂತ ತಕ್ಕ ಊರು ಇತ್ತೇ? 1809ರಲ್ಲಿ ಹಲಸೂರಿನ ಬಳಿ ಸೈನ್ಯ ಬೀಡುಬಿಟ್ಟಿತು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದಾಗಲೂ ದಂಡು ಮಾತ್ರ ಬ್ರಿಟಿಷರ ಕೈಯಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಸೇರಿತು, 1949ರಲ್ಲಿ ಎರಡೂ ಒಂದು ಕಾರ್ಪೊರೇಷನ್ ಆದವು. ಅಲ್ಲಿಯವರೆಗೆ ಕಬ್ಬನ್ ಪಾರ್ಕಿನ ಆಚೆ ಒಂದು ಆಡಳಿತ, ಈಚೆ ಇನ್ನೊಂದು. ಚಿತ್ರದಲ್ಲಿ ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಒಂದು ಕೂಟ ನಡೆಯುತ್ತದೆ. ಭಾರತೀಯರನ್ನು ಕರೆಸಿ ಒಂದು ಬದಿಗೆ ನಿಲ್ಲಿಸುತ್ತಾರೆ, ದೊರೆಗಳಲ್ಲಿ ಹೆಚ್ಚಿನವರು ಅವರ ಬಳಿ ಮಾತಿಗೆ ನಿಲ್ಲುವುದಿಲ್ಲ. ಮೊದಲ ಸಲ ಅದು ಬಣ್ಣಬಣ್ಣದ ಸೀರೆ, ಬ್ಯಾಂಡುಗಳ ಅಲಂಕಾರದಂತೆ ಕಂಡಿತ್ತು. ಈ ಸಲ ನೋಡಲು ಕಷ್ಟವಾಯಿತು. ಎರಡು ಗುಂಪುಗಳ ನಡುವಿನ ಆ ಖಾಲಿ ಹುಲ್ಲನ್ನು ಲೀನ್ ಎಷ್ಟು ಹೊತ್ತು ತೋರಿಸುತ್ತಾರೆ ಎಂಬುದನ್ನು ಹುಡುಗನಾಗಿದ್ದಾಗ ನಾನು ಗಮನಿಸಿರಲೇ ಇಲ್ಲ. ಗತಕಾಲದ ಹಂಬಲವಿದ್ದವನು ಅಲ್ಲಿ ಕ್ಯಾಮೆರಾ ನಿಲ್ಲಿಸುವುದಿಲ್ಲ.

ಊರಿನ ಇಂಗ್ಲಿಷ್ ಮ್ಯಾಜಿಸ್ಟ್ರೇಟನ ತಾಯಿ ಮಿಸೆಸ್ ಮೂರ್ ಆಗಿ ಪೆಗ್ಗಿ ಆಶ್‌ಕ್ರಾಫ್ಟ್ ಇದ್ದಾರೆ. ಚಿತ್ರಕ್ಕೆ ಹನ್ನೊಂದು ಆಸ್ಕರ್ ನಾಮನಿರ್ದೇಶನ ಬಂದು, ಪ್ರಶಸ್ತಿ ಸಿಕ್ಕಿದ್ದು ಎರಡು. ಒಂದು ಅವರಿಗೆ, ಇನ್ನೊಂದು ಮಾರಿಸ್ ಜಾರ್ ಸಂಗೀತಕ್ಕೆ. ಬೆಳದಿಂಗಳ ಮಸೀದಿಯಲ್ಲಿ ಅಜೀಜ್ ಆಕೆಯನ್ನು ಗದರುತ್ತಾನೆ, ಚಪ್ಪಲಿ ಬಿಚ್ಚಬೇಕಿತ್ತು ಎಂದು. ಆಕೆ ಆಗಲೇ ಬಿಚ್ಚಿಟ್ಟು ಬಂದಿರುತ್ತಾಳೆ. ಅಲ್ಲಿ ಆ ಮುದುಕಿಯ ದನಿಯಲ್ಲಿ ಸಮರ್ಥನೆಯಿಲ್ಲ, ಔದಾರ್ಯದ ಪ್ರದರ್ಶನವೂ ಇಲ್ಲ. ಪೂಜೆಯ ಮನೆಗೆ ಹೋಗುವಾಗ ನಮ್ಮ ಅಜ್ಜಿಯರು ಇರುತ್ತಿದ್ದ ಹಾಗೆ ಇದ್ದಾಳೆ, ಅಷ್ಟೇ.

ಪರದೇಶಿಯ ಕಣ್ಣು ನಮ್ಮನ್ನು ಸರಿಯಾಗಿ ನೋಡಲಾರದು ಎಂಬ ವಾದ ಆಗ ನನ್ನ ಬಾಯಲ್ಲಿತ್ತು. ಹಾಗಾದರೆ 'ಸಂಸ್ಕಾರ'ಕ್ಕೆ ಏನು ಹೇಳುವುದು? 1970ರ ಆ ಚಿತ್ರ ಕನ್ನಡಿಗರನ್ನು ಇದಕ್ಕಿಂತ ಹೆಚ್ಚು ಒಡೆದಿತ್ತು. ಮದ್ರಾಸಿನ ಸೆನ್ಸಾರ್ ಮಂಡಳಿ ತಡೆಹಿಡಿಯಿತು, ಆಮೇಲೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯೂ ಬಂತು. ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ತೆಲುಗು ಕವಿ. ಕ್ಯಾಮೆರಾ ಹಿಡಿದವರು ಆಸ್ಟ್ರೇಲಿಯಾದ ಟಾಮ್ ಕೋವನ್. ಅಗ್ರಹಾರದ ಜಗುಲಿ, ಕಲ್ಲು, ಬಿಸಿಲು ಅಷ್ಟು ನಿಷ್ಠುರವಾಗಿ ಬಂದದ್ದು ಆ ಹೊರಗಿನ ಕಣ್ಣಿನಿಂದಲೇ. ಹೊರಗಿನವನಾಗಿರುವುದು ತಪ್ಪಲ್ಲ. ನೋಡುವ ಮುಂಚೆಯೇ ಗೊತ್ತೆಂದು ಕೂರುವುದು ತಪ್ಪು, ಅದನ್ನು ಲೀನ್‌ಗಿಂತ ನಾನೇ ಹೆಚ್ಚು ಮಾಡಿದ್ದೆ.

ಹಾಗೆಂದು ಎಲ್ಲವನ್ನೂ ಒಪ್ಪಿಕೊಂಡು ಎದ್ದು ಬಂದೆನೆಂದು ತಿಳಿಯಬೇಡಿ. ಗಿನ್ನೆಸ್ ಈಗಲೂ ತಪ್ಪೇ. ಅವರಿಂದ ಮಾಡಿಸಿದ್ದ ನೃತ್ಯವೊಂದನ್ನು ಸಂಕಲನದಲ್ಲಿ ಲೀನ್ ಅವರೇ ಕತ್ತರಿಸಿಹಾಕಿದರು, ಆ ಕತ್ತರಿ ಇನ್ನಷ್ಟು ಓಡಬೇಕಿತ್ತು. ಕಾದಂಬರಿಯ ಕೊನೆಯಲ್ಲಿ ಅಜೀಜ್ ಮತ್ತು ಫೀಲ್ಡಿಂಗ್ ಕುದುರೆಗಳ ಮೇಲೆ ಬೇರೆಬೇರೆಯಾಗುತ್ತಾರೆ, ಸ್ನೇಹಕ್ಕೆ ಇನ್ನೂ ಕಾಲ ಬಂದಿಲ್ಲ ಎಂಬುದೇ ಫಾಸ್ಟರ್ ಮಾತು. ಲೀನ್ ಹಿಮದ ಬೆಟ್ಟಗಳ ಮುಂದೆ ಅವರನ್ನು ರಾಜಿ ಮಾಡಿಸುತ್ತಾರೆ. ಗುಹೆಯಲ್ಲಿ ತನ್ನ ಮೇಲೆ ಕೈಮಾಡಿದನೆಂದು ಅಜೀಜ್‌ನನ್ನು ದೂರುವ ಇಂಗ್ಲಿಷ್ ತರುಣಿ ಅಡೆಲಾ ಸೈಕಲ್ ತುಳಿದು ಹೋಗಿ ಪಾಳುಗುಡಿಯ ಶೃಂಗಾರ ಶಿಲ್ಪಗಳನ್ನು ನೋಡುವ, ಕೋತಿಗಳು ಅಟ್ಟಿಸಿಕೊಂಡು ಬರುವ ದೃಶ್ಯ ಕಾದಂಬರಿಯಲ್ಲಿಲ್ಲ. ಗುಹೆಯಲ್ಲಿ ನಡೆದದ್ದೇನು ಎಂಬ ಕತ್ತಲೆಗೆ ಅದು ಸುಲಭದ ದೀಪ ಹಚ್ಚಿಬಿಡುತ್ತದೆ.

ಬಂಡೆಗಳ ವಿಷಯದಲ್ಲಿ ಮಾತ್ರ ನನ್ನ ತಕರಾರು ಪೂರ್ತಿ ಇಳಿಯಿತು. ಸಾವನದುರ್ಗವನ್ನು ಬಿಹಾರವೆಂದು ತೋರಿಸಿದರಲ್ಲ ಎಂದು ಆಗ ನೊಂದಿದ್ದೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಭೂವಿಜ್ಞಾನಿಗಳು ಈ ಕಲ್ಲಿನ ಸಾಲನ್ನು ಈಗಲೂ ಕ್ಲೋಸ್‌ಪೇಟ್ ಗ್ರಾನೈಟ್ ಎನ್ನುತ್ತಾರೆ. ಸುಮಾರು 250 ಕೋಟಿ ವರ್ಷದ ಕಲ್ಲು. ಆನೆಯ ಮೇಲೆ ಕೂತು ಬರುವ ಇಬ್ಬರು ಹೆಂಗಸರ ಹಿಂದೆ ಅದು ಏನೂ ಮಾಡದೆ ಸುಮ್ಮನೆ ನಿಂತಿರುತ್ತದೆ. ಫಾಸ್ಟರ್ ಪುಟಗಟ್ಟಲೆ ಬರೆದ ಭಯವನ್ನು ಮಾಗಡಿಯ ಕಲ್ಲು ಒಂದು ಚೌಕಟ್ಟಿನಲ್ಲಿ ಹೇಳುತ್ತದೆ. ನಮ್ಮ ಬಂಡೆ ಅಷ್ಟು ಚೆನ್ನಾಗಿ ನಟಿಸಿದ ಮೇಲೆ ಊರಿನ ಹೆಸರು ಯಾವುದಾದರೇನು.

ಅಕ್ಕ ಒಳಗಿನಿಂದ ಬಂದರು. ಕೈಯಲ್ಲಿ ತುಕ್ಕು ಹಿಡಿದ ತಗಡಿನ ಡಬ್ಬಿ. ಅವರ ತಂದೆ ಶಿವಾಜಿನಗರದ ಇಬ್ರಾಹಿಂ ಸಾಹೇಬ್ ಸ್ಟ್ರೀಟಿನ ಬಳಿ ಟೈಲರ್ ಆಗಿದ್ದರು. ಆಫೀಸರುಗಳ ಅಂಗಿ, ಕೋಟುಗಳನ್ನು ಮನೆಗೇ ಹೋಗಿ ಅಳತೆ ತೆಗೆದುಕೊಂಡು ಹೊಲಿಯುತ್ತಿದ್ದರು. ಡಬ್ಬಿಯಲ್ಲಿ ಹಿತ್ತಾಳೆಯ, ಎಲುಬಿನ ಪುಟ್ಟ ಗುಂಡಿಗಳು. ಆ ಕಾಲದಲ್ಲಿ ಅಂಗಿ ಬೇರೆ, ಗಂಜಿ ಹಾಕಿದ ಕಾಲರ್ ಬೇರೆ. ಎರಡನ್ನೂ ಹಿಡಿದಿಡಲು ಮುಂದೆ ಒಂದು ಗುಂಡಿ, ಕುತ್ತಿಗೆಯ ಹಿಂದೆ ಒಂದು. ಅಕ್ಕ ಎರಡನ್ನು ಆರಿಸಿ ನನ್ನ ಅಂಗೈಯಲ್ಲಿಟ್ಟರು.

"ಉದ್ದ ಕಾಲಿಂದು ಮುಂದಕ್ಕೆ, ಗಿಡ್ಡಂದು ಹಿಂದಕ್ಕೆ. ಹಿಂದಿನದು ಹೋದ್ರೆ ಕಾಲರ್ ಮೇಲಕ್ಕೆ ಎದ್ದುಬಿಡತ್ತೆ. ಕನ್ನಡಿ ಮುಂದೆ ನಿಂತ್ರೂ ತೊಟ್ಟವನಿಗೆ ಕಾಣಲ್ಲ, ಬೇರೆಯವರಿಗೆ ಕಾಣತ್ತೆ."

ಕಥೆಯಲ್ಲಿ ಆಗುವುದು ಅದೇ. ಫೀಲ್ಡಿಂಗ್‌ನ ಗುಂಡಿ ಹಾಳಾಯಿತೆಂದು ಅಜೀಜ್ ತನ್ನದನ್ನು ಕಿತ್ತುಕೊಟ್ಟು, ನನ್ನ ಹತ್ತಿರ ಇನ್ನೊಂದಿದೆ ಎಂದು ಸುಳ್ಳು ಹೇಳುತ್ತಾನೆ. ಆಮೇಲೆ ಅವನ ಕಾಲರ್ ಎದ್ದಿರುವುದನ್ನು ಕಂಡ ಮ್ಯಾಜಿಸ್ಟ್ರೇಟ್ ರಾನಿ, ಭಾರತೀಯರ ಅಶಿಸ್ತಿಗೆ ಇದೇ ಸಾಕ್ಷಿ ಎನ್ನುತ್ತಾನೆ. ಕೊಟ್ಟವನ ಔದಾರ್ಯ ಅವನ ಮೇಲೇ ದೂರಾಗುತ್ತದೆ. ಮೊದಲ ನೋಟದಲ್ಲಿ ನಾನು ಗಿನ್ನೆಸ್ ಮುಖದ ಬಣ್ಣವನ್ನೇ ಕಾಯುತ್ತಿದ್ದೆ. ಈ ಗುಂಡಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಡಬ್ಬಿಯನ್ನು ನೋಡುತ್ತಾ ನನಗೆ ಹೊಸ ತಕರಾರೊಂದು ಹುಟ್ಟಿತು. ಈ ಚಿತ್ರದಲ್ಲಿ ದೊರೆಗಳಿದ್ದಾರೆ, ವಕೀಲರು, ಡಾಕ್ಟರುಗಳಿದ್ದಾರೆ. ಆ ಅಂಗಿಗಳನ್ನು ಹೊಲಿದವರು ಎಲ್ಲಿ? ದಂಡು ನಿಂತದ್ದೇ ಶಿವಾಜಿನಗರದ, ಹಲಸೂರಿನ ಇಂಥವರ ಮೇಲೆ. ಟೈಲರುಗಳು, ಬಟ್ಲರುಗಳು, ಬೇಕರಿಯವರು, ಆಯಾಗಳು. ಬೆಳಿಗ್ಗೆ ಬಂಗಲೆಗೆ ಹೋಗಿ ಸಂಜೆ ಗಲ್ಲಿಗೆ ಮರಳುತ್ತಾ ಆ ಎರಡು ಲೋಕಗಳನ್ನೂ ದಿನಾ ದಾಟುತ್ತಿದ್ದವರು ಅವರೇ. ಲೀನ್ ಅವರನ್ನು ಟ್ರೇ ಹಿಡಿಸಿ, ಪಂಖ ಎಳೆಸಿ ಸುಮ್ಮನಾದರು. ನಾಲ್ಕು ದಶಕ ನಾನು ಹೊತ್ತು ತಿರುಗಿದ ಸಿಟ್ಟಿಗಿಂತ ಈ ತಕರಾರು ಗಟ್ಟಿ ಎನಿಸುತ್ತದೆ. ಮತ್ತೊಮ್ಮೆ ನೋಡದಿದ್ದರೆ ಅದು ಸಿಗುತ್ತಿರಲಿಲ್ಲ.

ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವರು ಅರ್ಧ ಕೇಳಿಸಿಕೊಂಡು, ಗಿಡ್ಡ ಕಾಲಿನ ಗುಂಡಿಯನ್ನು ನನ್ನ ಅಂಗೈಯಿಂದ ವಾಪಸು ತೆಗೆದುಕೊಂಡರು.

"ಸ್ವಲ್ಪ ಹಿಂದಕ್ಕೆ ಹಾಕಪ್ಪಾ," ಅಂದರು. "ಅವನು ಕೊಟ್ಟಿದ್ದು ಹಿಂದಿನ ಗುಂಡೀನಾ, ಮುಂದಿನದಾ ನೋಡ್ಬೇಕು."