ಕೈವಾರದ ತಾತಯ್ಯನವರ ತತ್ತ್ವಪದಗಳು

ಚಿಂತಾಮಣಿ ತಾಲ್ಲೂಕಿನ ಕೈವಾರದ ಯೋಗಿ ನಾರೇಯಣರ ಹೆಸರನ್ನು ಕೇಳದ ಮನೆಯು ನಮ್ಮ ಸೀಮೆಯಲ್ಲಿ ವಿರಳವೆಂದೇ ಹೇಳಬೇಕು. ಸಂಪ್ರದಾಯದ ಎಣಿಕೆಯಂತೆ 1726ರಲ್ಲಿ ಜನಿಸಿ, ಬಳೆಯ ಮಲಾರವನ್ನು ಹೊತ್ತು ಊರೂರು ತಿರುಗಿ, ಬಳಿಕ ಯೋಗಮಾರ್ಗವನ್ನು ಹಿಡಿದು 110 ವರ್ಷಗಳ ತುಂಬುಬಾಳನ್ನು ಬಾಳಿದ ಈ ತಾತಯ್ಯನವರನ್ನು ಬಹುಜನರು ಅವರ ಕಾಲಜ್ಞಾನದಿಂದ ಬಲ್ಲರು. ಆದರೆ ಭವಿಷ್ಯವಾಣಿಯಲ್ಲಿ ನಮಗಿರುವ ಕುತೂಹಲವು ಅದು ಫಲಿಸಿತೋ ಇಲ್ಲವೋ ಎಂಬಲ್ಲಿಗೆ ತೀರಿಹೋಗುತ್ತದೆ. ಅವರ ಪದಗಳಾದರೋ ಭಜನೆಯಲ್ಲಿ ಇಂದಿಗೂ ಹಳತಾಗಿಲ್ಲ. ಇದಕ್ಕೆ ಕಾರಣವೇನು?

ಪಂಡಿತರು ಇವುಗಳ ಮೇಲೆ ಎರಡು ಆಕ್ಷೇಪಣೆಗಳನ್ನೆತ್ತುವುದುಂಟು. ತೆಲುಗು ಕನ್ನಡಗಳೆರಡರಲ್ಲಿಯೂ ಇರುವ ಈ ಪದಗಳ ಭಾಷೆಯು ವ್ಯಾಕರಣದ ಕಟ್ಟಿಗೆ ನಿಲ್ಲದ ಆಡುಮಾತೆಂಬುದು ಒಂದು. ಷಟ್ಚಕ್ರ, ಸುಷುಮ್ನೆ ಮೊದಲಾದ ಯೋಗಪರಿಭಾಷೆಯು ಹಾಡುವವರಿಗೇ ತಿಳಿಯದೆಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದೆ. ಆದರೂ ಪದಗಳು ಉಳಿದಿವೆಯಷ್ಟೆ.

ಮಮ್ಮಟಾಚಾರ್ಯನು ಉಪದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದನು. ವೇದವು ಪ್ರಭುವಿನಂತೆ ವಿಧಿಸುತ್ತದೆ. ಪುರಾಣವು ಮಿತ್ರನಂತೆ ತಿಳಿಯಹೇಳುತ್ತದೆ. ಕಾವ್ಯವು ಕಾಂತೆಯಂತೆ ಒಲಿಸುತ್ತದೆ. ತತ್ತ್ವಪದವು ಈ ಮೂರರಲ್ಲಿ ಯಾವುದಕ್ಕೂ ಪೂರ್ಣವಾಗಿ ಸಲ್ಲದೆಂದು ನನ್ನ ಎಣಿಕೆ. ಪದಕಾರನು ಹಲವೆಡೆ ಸಂಬೋಧಿಸುವುದು ಮನಸ್ಸನ್ನು. ಮತ್ತೊಬ್ಬನು ಅದೇ ಪದವನ್ನೆತ್ತಿಕೊಂಡು ಹಾಡತೊಡಗಿದೊಡನೆ ಗದರಿಕೆಗೆ ಗುರಿಯಾಗುವ ಮನಸ್ಸು ಆ ಹಾಡುವವನದೇ ಆಗುತ್ತದೆ. ಹೇಳುವವನೂ ಕೇಳುವವನೂ ಒಬ್ಬನೇ ಆದುದರಿಂದ ಅಲ್ಲಿ ಕಟುನುಡಿಯೂ ನೋಯಿಸದು. ಇದನ್ನು ಆತ್ಮಸಮ್ಮಿತವೆಂದು ಕರೆಯಬಹುದೇನೋ.

ಪಲ್ಲವಿಯ ಕಾರ್ಯವೂ ಇದಕ್ಕೆ ಅನುಗುಣವಾದುದೇ. ಮೊದಲ ಸಲ ಅದು ಬರಿಯ ಪ್ರಶ್ನೆಯಂತೆ ಕೇಳುತ್ತದೆ. ಒಂದೊಂದು ಚರಣವು ಮುಗಿದು ಹಿಮ್ಮೇಳದವರು ಅದನ್ನು ಮರಳಿ ಎತ್ತಿದಾಗ, ಅದೇ ಮಾತು ಸ್ವಲ್ಪ ಸ್ವಲ್ಪವಾಗಿ ಒಳಗಿಳಿಯುತ್ತದೆ. ಪರಿಭಾಷೆಯು ತಿಳಿಯದವನೂ ಈ ಇಳಿತವನ್ನು ಅನುಭವಿಸಬಲ್ಲನು.

ಆದುದರಿಂದಲೇ ಕೆಲವೆಡೆ ಕಾಣುವ ಒಂದು ರೂಢಿಯನ್ನು ಕುರಿತು ಎರಡು ಮಾತು ಹೇಳಬೇಕಾಗಿದೆ. ಪಲ್ಲವಿಯನ್ನೂ ಒಂದು ಚರಣವನ್ನೂ ಹಾಡಿ, ನಡುವಿನದನ್ನೆಲ್ಲ ಬಿಟ್ಟು, ಅಮರನಾರೇಯಣನ ಅಂಕಿತಕ್ಕೆ ನೆಗೆದುಬಿಡುತ್ತಾರೆ. ಆಗ ಮನಸ್ಸಿನೊಡನೆ ನಡೆಯಬೇಕಾದ ವಾದವು ನಿಂತು, ಬರಿಯ ಜಯಘೋಷವು ಉಳಿಯುತ್ತದೆ. ಮನೆಯಲ್ಲಿ ತೆಲುಗನ್ನಾಡಿ ಶಾಲೆಯಲ್ಲಿ ಕನ್ನಡವನ್ನೋದುವ ಮಕ್ಕಳು ನಮ್ಮ ತಾಲ್ಲೂಕುಗಳಲ್ಲಿ ಹೇರಳವಾಗಿದ್ದಾರೆ. ಈ ಎರಡು ನುಡಿಗಳ ಪದಸಂಪತ್ತಿಗೆ ಅವರೇ ಸಹಜವಾದ ಹಕ್ಕುದಾರರು. ಹಿರಿಯರು ಅವರಿಗೆ ವಾರಕ್ಕೊಂದು ಪದದ ಎಲ್ಲ ಚರಣಗಳನ್ನೂ ಬಾಯಿಪಾಠ ಮಾಡಿಸಿ ಅರ್ಥವನ್ನು ತಿಳಿಸುವುದಾದರೆ, ಅದು ತಾತಯ್ಯನವರಿಗೆ ಸಲ್ಲಿಸಬಹುದಾದ ಯೋಗ್ಯವಾದ ಸೇವೆಯೆನಿಸುವುದು.