ಸ್ಕೂಪಿಗೆ ಬಾಯಿ ಸಾಲದು, ಗಂಟಲೂ ಬೇಕು

ಕಾರಿನ ಬಾನೆಟ್ ಮೇಲೆ ಉಬ್ಬಿ ನಿಂತ ಸ್ಕೂಪ್ ನೋಡಿದವರಿಗೆ ಒಂದು ಮಾತು ಕೊಡುತ್ತದೆ. ಇದರ ಅಡಿಯಲ್ಲಿರುವ ಎಂಜಿನ್‌ಗೆ ಗಾಳಿಯ ಹಸಿವು ಜಾಸ್ತಿ, ಗ್ರಿಲ್ ಕಡೆಯಿಂದ ಬರುವ ಗಾಳಿ ಅದಕ್ಕೆ ಸಾಲುವುದಿಲ್ಲ ಎಂಬ ಮಾತು. ಅಮೆರಿಕದ ಮಸಲ್ ಕಾರುಗಳಲ್ಲಿ ಈ ಮಾತು ಉಳಿಸಿಕೊಂಡವೂ ಇವೆ, ಬರೀ ಅಲಂಕಾರವಾಗಿ ಕೂತವೂ ಬೇಕಾದಷ್ಟಿವೆ. ಅಲಂಕಾರದ ಸ್ಕೂಪನ್ನು ತೆರೆದು, ಅದರಿಂದ ಎಂಜಿನ್‌ಗೆ ನಿಜವಾಗಿಯೂ ಗಾಳಿ ಹೋಗುವಂತೆ ಮಾಡುವ ಕೆಲಸ ಅಲ್ಲಿನ ಹವ್ಯಾಸಿಗಳಲ್ಲಿ ಅರ್ಧ ಶತಮಾನಕ್ಕೂ ಹಿಂದಿನಿಂದ ನಡೆದುಬಂದಿದೆ. ಈ ಕೆಲಸದ ಬಗ್ಗೆ ನನಗೆ ಗೌರವವಿದೆ, ಅದು ನಡೆಯುವ ರೀತಿಯ ಬಗ್ಗೆ ತಕರಾರಿದೆ. ಎಷ್ಟೋ ಮಂದಿ ಸ್ಕೂಪಿಗೆ ಬಾಯಿ ಕೊರೆದು ಅಲ್ಲಿಗೆ ಕೈ ತೊಳೆದುಕೊಳ್ಳುತ್ತಾರೆ. ಆ ಬಾಯಿಂದ, ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರ್‌ವರೆಗಿನ ಗಂಟಲನ್ನು ಕಟ್ಟುವ ಗೋಜಿಗೆ ಹೋಗುವುದಿಲ್ಲ. ಪ್ರಯೋಜನವೆಲ್ಲ ಇರುವುದು ಆ ಗಂಟಲಿನಲ್ಲಿ.

ಈ ಪರಂಪರೆಯ ಬುಡದಲ್ಲೇ ತೋರಿಕೆ ಮತ್ತು ಕೆಲಸ ಎರಡೂ ಒಟ್ಟಿಗಿವೆ. ಪಾಂಟಿಯಾಕ್ ಕಂಪನಿ 1964ರ ಮಾದರಿಯಾಗಿ ಜಿಟಿಒ ತಂದಿತು. ಮಧ್ಯಮ ಗಾತ್ರದ ಕಾರಿಗೆ 389 ಘನ ಇಂಚಿನ, ಅಂದರೆ ಸುಮಾರು 6.4 ಲೀಟರಿನ ವಿ8 ಎಂಜಿನ್ ಕೂರಿಸಿದ ಆ ಕಾರಿನಿಂದಲೇ ಮಸಲ್ ಕಾರುಗಳ ಕಾಲ ಶುರುವಾಯಿತೆಂದು ಬಹಳ ಮಂದಿ ಲೆಕ್ಕ ಹಿಡಿಯುತ್ತಾರೆ. ಅದರ ಬಾನೆಟ್ ಮೇಲೆ ಎರಡು ಸ್ಕೂಪ್‌ಗಳಿದ್ದವು. ಎರಡೂ ಮುಚ್ಚಿದ್ದವು. 1965ರಲ್ಲಿ ಅವುಗಳ ಬದಲಿಗೆ ನಡುವೆ ಒಂದೇ ಸ್ಕೂಪ್ ಬಂತು, ಅದೂ ಮುಚ್ಚಿದ್ದೇ. ಆದರೆ ಆ ಮಾದರಿಗೆ ಕಂಪನಿ ತನ್ನ ಡೀಲರ್‌ಗಳ ಬಿಡಿಭಾಗದ ಕೌಂಟರಿನಲ್ಲಿ ಒಂದು ಕಿಟ್ ಮಾರಾಟಕ್ಕಿಟ್ಟಿತು. ಸಾಲಾಗಿ ಕೂತ ಮೂರು ಕಾರ್ಬ್ಯುರೇಟರ್‌ಗಳನ್ನು ಸುತ್ತುವರಿಯುವ ಒಂದು ತಟ್ಟೆ, ಆ ತಟ್ಟೆಯ ಅಂಚಿಗೂ ಬಾನೆಟ್ಟಿನ ಒಳಮೈಗೂ ನಡುವೆ ಕೂರುವ ಫೋಮ್ ಪಟ್ಟಿ. ಸ್ಕೂಪ್ ತೆರೆದು ಬಾನೆಟ್ ಮುಚ್ಚಿದರೆ ಫೋಮ್ ಅಮುಕಿಕೊಂಡು, ಹೊರಗಿನ ಗಾಳಿ ಎಂಜಿನ್ ಕೋಣೆಯ ಬಿಸಿಗಾಳಿಯೊಂದಿಗೆ ಬೆರೆಯದೆ ಕಾರ್ಬ್ಯುರೇಟರ್‌ಗೆ ಇಳಿಯುತ್ತಿತ್ತು. ಕಿಟ್ಟಿನ ಜೀವ ಆ ಫೋಮ್ ಪಟ್ಟಿಯಲ್ಲಿತ್ತು. ಇವತ್ತಿಗೂ ಈ ಕೆಲಸವನ್ನು ಅಳೆಯಬೇಕಾದ್ದು ಅದರಿಂದಲೇ.

ಪಾಂಟಿಯಾಕ್‌ನದೇ ಮತ್ತೊಂದು ಕಾರು, ಫೈರ್‌ಬರ್ಡ್ ಟ್ರಾನ್ಸ್ ಆಮ್, ಈ ಹವ್ಯಾಸಕ್ಕೆ ಅತಿ ದೊಡ್ಡ ಅಂಗಳವಾಯಿತು. 1970ರ ಮಾದರಿಯಲ್ಲಿ ಅದಕ್ಕೆ ಶೇಕರ್ ಸ್ಕೂಪ್ ಬಂತು. ಇದು ಬಾನೆಟ್ಟಿಗೆ ಅಂಟಿದ್ದಲ್ಲ. ಕಾರ್ಬ್ಯುರೇಟರ್ ಮೇಲಿನ ಏರ್ ಕ್ಲೀನರಿಗೆ ಸೇರಿಕೊಂಡು, ಬಾನೆಟ್ಟಿನ ದೊಡ್ಡ ತೂತಿನಿಂದ ಹೊರಗೆ ತಲೆ ಹಾಕಿರುತ್ತದೆ. ನಿಂತ ಕಾರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಪಕ್ಕಕ್ಕೆ ವಾಲಿದಂತೆಲ್ಲ ಸ್ಕೂಪೂ ವಾಲುತ್ತದೆ. ಅದರ ಬಾಯಿ ಹಿಂದಕ್ಕೆ, ವಿಂಡ್‌ಶೀಲ್ಡ್ ಕಡೆಗೆ ತಿರುಗಿದೆ. 1972ರವರೆಗೆ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಒಳಗಿನ ಫ್ಲ್ಯಾಪ್ ತೆರೆದು ಗಾಳಿ ಎಳೆದುಕೊಳ್ಳುತ್ತಿತ್ತು. 1973ರಿಂದ ಶಬ್ದದ ಮಿತಿಗೆ ಒಳಪಡಲೆಂದು ಕಂಪನಿ ಆ ಬಾಯನ್ನು ಮುಚ್ಚಿಬಿಟ್ಟಿತು. ಸ್ಕೂಪ್ ಹಾಗೇ ಉಳಿಯಿತು, ಗಾಳಿ ನಿಂತಿತು. 1977ರಲ್ಲಿ ಬಂದ ‘ಸ್ಮೋಕಿ ಅಂಡ್ ದಿ ಬ್ಯಾಂಡಿಟ್’ ಚಿತ್ರದಲ್ಲಿ ಬರ್ಟ್ ರೆನಾಲ್ಡ್ಸ್ ಓಡಿಸಿದ ಕರಿ ಟ್ರಾನ್ಸ್ ಆಮ್ ಈ ಕಾರಿನ ಹೆಸರನ್ನು ಮನೆಮಾತಾಗಿಸಿತು. 1979ರ ಮಾದರಿಯೊಂದೇ 1,17,000ಕ್ಕೂ ಮೀರಿ ತಯಾರಾಯಿತು. ಅಷ್ಟೂ ಕಾರುಗಳ ಮೇಲಿದ್ದದ್ದು ಬಾಯಿ ಮುಚ್ಚಿದ ಸ್ಕೂಪ್. ಮಾಲೀಕರು ಗರಗಸ ಹಿಡಿದದ್ದು ಸಹಜವೇ.

ಹಾಗೆ ತೆರೆದರೆ ಲಾಭವೆಷ್ಟು? ಇಲ್ಲಿ ದೊಡ್ಡದೊಂದು ತಪ್ಪು ನಂಬಿಕೆ ಇದೆ. ಕಾರು ಓಡುವಾಗ ಎದುರು ಗಾಳಿ ಸ್ಕೂಪಿಗೆ ನುಗ್ಗಿ ಎಂಜಿನ್‌ಗೆ ಗಾಳಿ ತುರುಕುತ್ತದೆ, ಒಂದು ಬಗೆಯ ಟರ್ಬೊ ಕೆಲಸ ಪುಕ್ಕಟೆಯಾಗಿ ಆಗುತ್ತದೆ ಎಂಬ ನಂಬಿಕೆ. ಲೆಕ್ಕ ಹಾಕಿ ನೋಡೋಣ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಎದುರು ಗಾಳಿಯನ್ನು ಪೂರ್ತಿ ತಡೆದು ನಿಲ್ಲಿಸಿದರೂ ಹುಟ್ಟುವ ಹೆಚ್ಚುವರಿ ಒತ್ತಡ ಸುಮಾರು 460 ಪಾಸ್ಕಲ್. ನೀರು ತುಂಬಿದ ಯು ಆಕಾರದ ಪಾರದರ್ಶಕ ಪೈಪಿಗೆ ಆ ಒತ್ತಡ ಕೊಟ್ಟರೆ ಎರಡು ಕಡೆಯ ನೀರಿನ ಮಟ್ಟದಲ್ಲಿ 5 ಸೆಂಟಿಮೀಟರಿನ ವ್ಯತ್ಯಾಸವೂ ಬರುವುದಿಲ್ಲ. ನಮ್ಮ ಸುತ್ತಲ ವಾತಾವರಣದ ಒತ್ತಡವೋ 10 ಮೀಟರ್ ನೀರಿಗೂ ಮಿಕ್ಕಿದ್ದು. ಅಂದರೆ ಲಾಭ ಶೇಕಡಾ ಅರ್ಧಕ್ಕಿಂತ ಕಡಿಮೆ. 1979ರ ಟ್ರಾನ್ಸ್ ಆಮ್‌ನ 6.6 ಲೀಟರ್ ಪಾಂಟಿಯಾಕ್ ಎಂಜಿನ್‌ನ 220 ಅಶ್ವಶಕ್ತಿಗೆ ಅದು ಒಂದು ಅಶ್ವಶಕ್ತಿ. 200 ಕಿ.ಮೀ. ವೇಗದಲ್ಲಿ ಒತ್ತಡ ನಾಲ್ಕು ಪಟ್ಟಾಗುತ್ತದೆ, ಆದರೂ ಶೇಕಡಾ ಎರಡನ್ನು ಮುಟ್ಟುವುದಿಲ್ಲ. ರಸ್ತೆಯಲ್ಲಿ ಓಡುವ ಕಾರಿಗೆ ಈ ಲಾಭ ಇದ್ದೂ ಇಲ್ಲದಂತೆ.

ನಿಜವಾದ ಲಾಭ ತಂಪಿನಲ್ಲಿದೆ. ಗಾಳಿ ತಂಪಾದಷ್ಟೂ ಒತ್ತಾಗಿರುತ್ತದೆ, ಅಷ್ಟೇ ಜಾಗದಲ್ಲಿ ಹೆಚ್ಚು ಆಮ್ಲಜನಕ ಸಿಗುತ್ತದೆ. ಹೊರಗಿನ ಗಾಳಿ 30 ಡಿಗ್ರಿ, ಬಾನೆಟ್ ಒಳಗಿನದು 60 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ ಹೊರಗಿನದು ಸುಮಾರು ಶೇಕಡಾ 10ರಷ್ಟು ಒತ್ತಾದ ಗಾಳಿ. ಇದು ಒತ್ತಡದ ಲಾಭದ ಇಪ್ಪತ್ತು ಪಟ್ಟು. ಕಾರು ನಿಂತಲ್ಲಿಂದ ಹೊರಡುವಾಗಲೂ ಇದು ಸಿಗುತ್ತದೆ, ವೇಗಕ್ಕೆ ಕಾಯಬೇಕಿಲ್ಲ. ಆದರೆ ಹತ್ತಕ್ಕೆ ಹತ್ತೂ ಸಿಗುತ್ತದೆ ಎನ್ನಲಾಗದು. ಬಹಳಷ್ಟು ಕಾರುಗಳಲ್ಲಿ ಕಂಪನಿ ಕೊಟ್ಟ ಏರ್ ಕ್ಲೀನರಿನ ಮೂತಿ ಮೊದಲೇ ರೇಡಿಯೇಟರ್ ಬದಿಯ ಕೊಂಚ ತಂಪಾದ ಗಾಳಿಯ ಕಡೆಗೆ ಚಾಚಿಕೊಂಡಿರುತ್ತದೆ. ಒಳಗೆ ಬರುತ್ತಿರುವ ಗಾಳಿ 45 ಡಿಗ್ರಿಯಲ್ಲೇ ಇದ್ದರೆ ಉಳಿಯುವ ಲಾಭ ಶೇಕಡಾ 5. ಅದೂ ಕಡಿಮೆಯೇನಲ್ಲ. ಕಾರಿನ ಎಂಜಿನ್‌ಗೆ ಕೈ ಹಾಕದೆ ಅಷ್ಟು ಶಕ್ತಿ ಸಿಗುವ ದಾರಿಗಳು ಬಹಳ ಇಲ್ಲ.

ಸ್ಕೂಪ್ ಎಲ್ಲಿದೆ ಎಂಬುದೂ ಮುಖ್ಯ. ಬಾನೆಟ್ಟಿನ ಮುಂದಿನ ಅಂಚನ್ನು ದಾಟುವಾಗ ಗಾಳಿಯ ವೇಗ ಏರಿ ಒತ್ತಡ ಇಳಿಯುತ್ತದೆ. ವಿಂಡ್‌ಶೀಲ್ಡ್ ಬುಡಕ್ಕೆ ಬಂದಾಗ ಗಾಳಿ ತಡೆದು ನಿಂತು ಒತ್ತಡ ಏರುತ್ತದೆ. ಸಾಲದ್ದಕ್ಕೆ, ತಗಡಿನ ಮೈಗೆ ಅಂಟಿಕೊಂಡೇ ಸಾಗುವ ಒಂದು ತೆಳು ಪದರದ ಗಾಳಿ ನಿಧಾನವಾಗಿ ಹರಿಯುತ್ತದೆ. ಹೀಗಾಗಿ ಬಾನೆಟ್ಟಿನ ಮುಂಭಾಗದಲ್ಲಿ ತಗ್ಗಾಗಿ ಕೂತ ಸ್ಕೂಪ್ ನೋಟಕ್ಕೆ ಗಾಳಿ ನುಂಗುವಂತಿದ್ದರೂ ಅದಕ್ಕೆ ಸಿಗುವುದು ಅಲ್ಪ. ಟ್ರಾನ್ಸ್ ಆಮ್ ಬಾಯಿ ಹಿಂದಕ್ಕಿರುವುದು ಇದೇ ಕಾರಣಕ್ಕೆ. ಷೆವ್ರೊಲೆ 1970ರ ಷೆವೆಲ್‌ನಲ್ಲಿ ವಿಂಡ್‌ಶೀಲ್ಡ್ ಕಡೆಗೆ ತೆರೆಯುವ ಫ್ಲ್ಯಾಪ್ ಕೊಟ್ಟದ್ದೂ ಇದನ್ನೇ ಅರಿತು. ಗರಗಸ ಎತ್ತುವ ಮೊದಲು ಬಾನೆಟ್ ಮೇಲೆ ಉಲ್ಲನ್ ಎಳೆಗಳನ್ನು ಟೇಪಿನಿಂದ ಅಂಟಿಸಿ, ಪಕ್ಕದ ಕಾರಿನಿಂದ ಅವುಗಳ ಆಟ ನೋಡಿದರೆ ಗಾಳಿಯ ದಾರಿ ಕಣ್ಣಿಗೇ ಕಾಣುತ್ತದೆ. ಖರ್ಚಿಲ್ಲದ ಈ ಪರೀಕ್ಷೆಯನ್ನು ಬಿಟ್ಟು ಕೆಲಸ ಶುರು ಮಾಡುವುದು ಸರಿಯಲ್ಲ.

ಇನ್ನು ಗಂಟಲಿನ ಮಾತು. 6.6 ಲೀಟರ್ ಎಂಜಿನ್ ನಿಮಿಷಕ್ಕೆ 4,500 ಸುತ್ತು ತಿರುಗುವಾಗ ಪ್ರತಿ ನಿಮಿಷ ಸುಮಾರು 12,000 ಲೀಟರ್ ಗಾಳಿ ಬೇಡುತ್ತದೆ. 25 ಸೆಂಟಿಮೀಟರ್ ಅಗಲ, 2 ಸೆಂಟಿಮೀಟರ್ ಎತ್ತರದ ಸೀಳೊಂದರಿಂದಲೇ ಅಷ್ಟೂ ಬರಬೇಕೆಂದರೆ ಅಲ್ಲಿ ಗಾಳಿ ಗಂಟೆಗೆ 140 ಕಿ.ಮೀ. ಮೀರಿದ ವೇಗದಲ್ಲಿ ನುಗ್ಗಬೇಕು. ಆ ನುಗ್ಗಾಟದಲ್ಲೇ, 100 ಕಿ.ಮೀ. ಓಟದಲ್ಲಿ ಸಿಗುವ ಒತ್ತಡದ ಎರಡರಷ್ಟು ಕಳೆದುಹೋಗಬಹುದು. ಸಣ್ಣ ಬಾಯಿ ಕೊರೆದು ಹಳೆಯ ದಾರಿಯನ್ನು ಮುಚ್ಚಿಬಿಟ್ಟರೆ ಎಂಜಿನ್‌ಗೆ ಉಸಿರು ಕಟ್ಟುತ್ತದೆ, ಶಕ್ತಿ ಇದ್ದದ್ದಕ್ಕಿಂತ ಕಡಿಮೆಯಾಗುತ್ತದೆ. ಬಾಯಿ ದೊಡ್ಡದಿದ್ದು ಸೀಲ್ ಇಲ್ಲದಿದ್ದರೂ ಕಥೆ ಅಷ್ಟೇ. ಹೊರಗಿನ ಗಾಳಿ ಎಂಜಿನ್ ಕೋಣೆಗೆ ಸುರಿದು ಅಲ್ಲಿನ ಬಿಸಿಯಲ್ಲಿ ಬೆರೆಯುತ್ತದೆ, ಏರ್ ಕ್ಲೀನರ್ ಮೊದಲಿನ ಗಾಳಿಯನ್ನೇ ಎಳೆಯುತ್ತಿರುತ್ತದೆ.

ಅಚ್ಚುಕಟ್ಟಾದ ಕೆಲಸ ಹೇಗಿರುತ್ತದೆ? ಟ್ರಾನ್ಸ್ ಆಮ್ ಶೇಕರನ್ನೇ ತೆಗೆದುಕೊಳ್ಳಿ. ಮೂಲ ಸ್ಕೂಪಿನ ಬದಲಿಗೆ ತಂದ ಮತ್ತೊಂದನ್ನು ಮೇಜಿನ ಮೇಲಿಟ್ಟು, ಹಿಂಬದಿಯ ಮುಚ್ಚಿದ ಭಾಗದ ಸುತ್ತ ಟೇಪ್ ಅಂಟಿಸಿ ಗೆರೆ ಎಳೆಯಬೇಕು. ಗೆರೆಯ ಒಳಗೇ ಕೊಂಚ ಉಳಿಸಿ ಕತ್ತರಿಸಿ, ಉಳಿದದ್ದನ್ನು ಅರದಿಂದ ಉಜ್ಜಿ ಗೆರೆಗೆ ತರಬೇಕು. ಒಳ ಅಂಚನ್ನು ಉರುಟು ಮಾಡಬೇಕು, ಚೂಪು ಅಂಚಿನಲ್ಲಿ ಗಾಳಿ ಮುರಿಯುತ್ತದೆ. ದೂಳು, ಚೂರು ಏನೂ ಉಳಿಯದಂತೆ ತೊಳೆದು ಒಣಗಿಸಬೇಕು, ಏಕೆಂದರೆ ಅದರ ಮುಂದಿನ ನಿಲ್ದಾಣ ಕಾರ್ಬ್ಯುರೇಟರ್. ಬಾಯಿಗೆ ಜಾಲರಿ ಹಾಕಬೇಕು. ಸ್ಕೂಪ್ ಏರ್ ಕ್ಲೀನರಿಗೆ ಕೂರುವಲ್ಲಿ ಹೊಸ ಸೀಲ್ ಕೊಡಬೇಕು. ಫಿಲ್ಟರ್ ದಾಟದೆ ಒಂದಿಷ್ಟೂ ಗಾಳಿ ಒಳಗೆ ಹೋಗಬಾರದು. ಒಳಸೇರಿದ ಮಳೆನೀರು ಫಿಲ್ಟರಿಗೆ ತಲುಪುವ ಮೊದಲೇ ಹೊರಗೆ ಹರಿಯಲು ತಗ್ಗಿನಲ್ಲಿ ಸಣ್ಣ ತೂತಿರಬೇಕು. ಕೊನೆಗೆ ಏರ್ ಕ್ಲೀನರಿನೊಳಗೆ ತಾಪಮಾಪಕ ಇಟ್ಟು, ಮೊದಲಿನ ಮತ್ತು ಈಗಿನ ಓಟದ ಉಷ್ಣತೆಯನ್ನು ಹೋಲಿಸಬೇಕು. ಉಷ್ಣತೆ ಇಳಿದಿದ್ದರೆ ಕೆಲಸ ಗೆದ್ದಿದೆ. ಇಳಿಯದಿದ್ದರೆ ಎಲ್ಲೋ ಸೀಲ್ ಸೋರುತ್ತಿದೆ.

ಇದಕ್ಕೆ ತೆರಬೇಕಾದ ಬೆಲೆಯನ್ನೂ ಹೇಳಬೇಕು. ಚಳಿಗಾಲದ ಬೆಳಗ್ಗೆ ಎಂಜಿನ್ ಬೇಗ ಬಿಸಿಯಾಗಲೆಂದು, ಕಾರ್ಬ್ಯುರೇಟರಿನಲ್ಲಿ ಮಂಜು ಕಟ್ಟದಿರಲೆಂದು ಎಪ್ಪತ್ತರ ದಶಕದ ಕಾರುಗಳಲ್ಲಿ ಎಕ್ಸಾಸ್ಟ್ ಪಕ್ಕದಿಂದ ಬಿಸಿಗಾಳಿ ತರುವ ಏರ್ಪಾಡು ಇರುತ್ತಿತ್ತು. ಸದಾ ತೆರೆದ ಸ್ಕೂಪ್ ಆ ಏರ್ಪಾಡನ್ನು ಕೆಡಿಸುತ್ತದೆ. ಒತ್ತಾದ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಹೋಗುತ್ತಿದೆಯೇ ಎಂದು ಕಾರ್ಬ್ಯುರೇಟರನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಶಬ್ದವೂ ಏರುತ್ತದೆ. ಟ್ರಾನ್ಸ್ ಆಮ್ ಕಾರಿನ ಕ್ವಾಡ್ರಾಜೆಟ್ ಕಾರ್ಬ್ಯುರೇಟರಿನ ಎರಡು ದೊಡ್ಡ ಬಾಯಿಗಳು ತೆರೆದಾಗ ಸ್ಕೂಪಿನಿಂದ ಹೊಮ್ಮುವ ಆಳವಾದ ಮೊರೆತ ಚಾಲಕನಿಗೆ ದೊಡ್ಡ ಸುಖ. ಆ ಸುಖಕ್ಕಾಗಿಯೇ ಈ ಕೆಲಸ ಮಾಡುವವರನ್ನು ನಾನು ಹಳಿಯುವುದಿಲ್ಲ, ಕಾರು ಓಡಿಸುವುದರಲ್ಲಿ ಕಿವಿಗೂ ಪಾಲಿದೆ. ಆದರೆ ಮೂಲ ಸ್ಕೂಪನ್ನು ಕತ್ತರಿಸುವುದು ನನಗೆ ಒಪ್ಪಿಗೆಯಿಲ್ಲ. ಅದು ಮುಚ್ಚಿದ್ದೇ 1973ರ ನಂತರದ ಇತಿಹಾಸ. ಮೂಲವನ್ನು ಕಪಾಟಿನಲ್ಲಿಟ್ಟು, ಬಾಯಿ ತೆರೆದ ಹೊಸ ಸ್ಕೂಪ್ ಕೂರಿಸುವುದು ಜಾಣತನ.

ಕಂಪನಿಗಳೇ ಇದನ್ನು ಹೇಗೆ ನಡೆಸಿಕೊಂಡಿವೆ ನೋಡಿ. 1999ರಿಂದ 2004ರವರೆಗಿನ ಫೋರ್ಡ್ ಮಸ್ಟಾಂಗ್ ಜಿಟಿಯ ಸ್ಕೂಪ್ ಬರೀ ತೋರಿಕೆ. ಅದೇ ಮೈಕಟ್ಟಿನ 2003–04ರ ಮ್ಯಾಕ್ 1ರಲ್ಲಿ ನಿಜವಾಗಿ ಗಾಳಿ ಎಳೆಯುವ ಶೇಕರ್ ಇತ್ತು. ಹೊಸ ಅವತಾರದ ಮಿನಿ ಕೂಪರ್ ಎಸ್ ಮೊದಲು ಬಂದಾಗ ಬಾನೆಟ್ಟಿನ ಸ್ಕೂಪ್ ಎಂಜಿನ್ ಮೇಲಿದ್ದ, ಒತ್ತಿ ತುಂಬುವ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ತಂಪು ಮಾಡುತ್ತಿತ್ತು. ಮುಂದಿನ ತಲೆಮಾರಿನಲ್ಲಿ ಇಂಟರ್‌ಕೂಲರ್ ಮುಂಭಾಗಕ್ಕೆ ಹೋಯಿತು, ಸ್ಕೂಪ್ ಮಾತ್ರ ಶೃಂಗಾರಕ್ಕೆ ಉಳಿಯಿತು. ನಮ್ಮ ಬಿಡದಿಯ ಕಾರ್ಖಾನೆಯಿಂದ 2009ರಲ್ಲಿ ಹೊರಬಂದ ಮೊದಲ ಟೊಯೋಟ ಫಾರ್ಚುನರ್ ಮೇಲಿನ ಸ್ಕೂಪ್ ಅಡಿಯಲ್ಲಿದ್ದ ಇಂಟರ್‌ಕೂಲರಿಗೆ ಗಾಳಿ ಕೊಡುತ್ತಿತ್ತು. ಇಲ್ಲಿಗೆ 2016ರಲ್ಲಿ ಬಂದ ಎರಡನೆಯ ತಲೆಮಾರಿಗೆ ಅದು ಬೇಕಿರಲಿಲ್ಲ, ತೆಗೆದುಹಾಕಿದರು. ಬೇಕಿದ್ದಾಗ ಇಟ್ಟು, ಬೇಡವಾದಾಗ ತೆಗೆದ ಈ ನಡೆ ನನಗೆ ಪ್ರಾಮಾಣಿಕ ವಿನ್ಯಾಸವಾಗಿ ಕಾಣುತ್ತದೆ. ಮಿನಿಯಂಥ ಕಾರಿನ ಹುಸಿ ಸ್ಕೂಪನ್ನು ತೆರೆಯುವುದರಲ್ಲಿ ಅರ್ಥವೇ ಇಲ್ಲ, ಅಡಿಯಲ್ಲಿ ಆ ಗಾಳಿಗೆ ಕಾದು ಕೂತದ್ದು ಏನೂ ಇಲ್ಲ.

ಹಾಗಾದರೆ ತೀರ್ಮಾನ ಇದು. ಸ್ಕೂಪಿನ ಅಡಿಯಲ್ಲಿ ಏರ್ ಕ್ಲೀನರೋ ಇಂಟರ್‌ಕೂಲರೋ ಇದ್ದು, ಎರಡರ ನಡುವೆ ಸೋರದ ದಾರಿ ಕಟ್ಟಲು ಸಾಧ್ಯವಿದ್ದರೆ ಈ ಕೆಲಸ ಮಾಡಲು ಯೋಗ್ಯ. ಶೇಕರ್ ಇರುವ ಹಳೆಯ ಕಾರುಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಸಪಾಟು ಬಾನೆಟ್ಟಿನ ಮೇಲೆ ಅಂಟಿಸಿದ ಸ್ಕೂಪಿಗಾಗಿ ಬಾನೆಟ್ಟನ್ನೂ ಅದರ ಒಳಗಿನ ಬಲಪಟ್ಟಿಗಳನ್ನೂ ಕೊಯ್ಯಬೇಕಾದರೆ ಬೇಡ. ಶೇಕಡಾ ನಾಲ್ಕೈದರಷ್ಟು ಶಕ್ತಿಗಾಗಿ ಬಾನೆಟ್ಟಿನ ಗಟ್ಟಿತನ ಕಳೆಯುವುದು ನಷ್ಟದ ವ್ಯಾಪಾರ. ಭಾರತದಲ್ಲಿರುವ ಓದುಗರು, ಕಂಪನಿಯ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡುಗಳನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ ಎಂಬುದನ್ನು ನೆನಪಿಡಬೇಕು. ಎಲ್ಲಿಯೇ ಇರಲಿ, ಗರಗಸ ಎತ್ತುವ ಮೊದಲು ತಾಪಮಾಪಕ ಕೊಳ್ಳಿ, ಬಾಯಿ ಕೊರೆಯುವ ಮೊದಲು ಸೀಲ್ ಎಲ್ಲಿ ಕೂರುತ್ತದೆಂದು ನೋಡಿ. ಸೀಲಿಗೆ ಜಾಗವಿಲ್ಲದಿದ್ದರೆ ಸ್ಕೂಪನ್ನು ಇದ್ದಂತೆಯೇ ಬಿಡಿ.