ತತ್ತ್ವಪದಗಳ ದೇಹವೂ ರೋಗಿಯ ದೇಹವೂ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳಲ್ಲಿ ಸಾವಾದ ಮನೆಯ ಮುಂದೆ ರಾತ್ರಿಯೆಲ್ಲ ತತ್ತ್ವಪದಗಳನ್ನು ಹಾಡುವುದು ವಾಡಿಕೆ. ಕಡಕೋಳದ ಮಡಿವಾಳಪ್ಪನವರ ಪರಂಪರೆಯ ಪದಗಳು ಮರಣಭಯವನ್ನು ಕಳೆಯುತ್ತವೆಂಬ ಮಾತು ಇದರಿಂದಲೇ ರೂಢಿಗೆ ಬಂದಿರಬೇಕು. ಈ ಮಾತನ್ನು ಒಂದು ನಿರ್ದಿಷ್ಟ ಸನ್ನಿವೇಶಕ್ಕೆ ಒಡ್ಡಿ ನೋಡುವುದು ನಮ್ಮ ಉದ್ದೇಶ. ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಮೂಳೆಗಳಿಗೆ ಹರಡಿದೆಯೆಂಬ ಮಾತನ್ನು ಆಸ್ಪತ್ರೆಯಲ್ಲಿ ಕೇಳಿ ಊರಿಗೆ ಮರಳಿದ ವೃದ್ಧನಿಗೆ ಈ ಪದಗಳು ಏನನ್ನು ಕೊಡಬಲ್ಲವು?

ತತ್ತ್ವಪದಕಾರರಿಗೆ ದೇಹವೆಂಬುದು ಒಡೆಯುವ ಕೊಡ. ಶಿಶುನಾಳ ಶರೀಫರಲ್ಲಿ ಸೋರುವ ಮಾಳಿಗೆ. ಈ ರೂಪಕಗಳು ಸಾವನ್ನು ಮರೆತ ಆರೋಗ್ಯವಂತನಿಗೆ ಕೊಟ್ಟ ಎಚ್ಚರಿಕೆಗಳು. ರೋಗಿಗೆ ಆ ಎಚ್ಚರಿಕೆ ಬೇಕಿಲ್ಲ. ಅದು ಅವನಿಗೆ ಆಗಲೇ ಮುಟ್ಟಿದೆ. ಮೇಲಾಗಿ ಪದಗಳ ಸಾವು ಯಮದೂತನಂತೆ ಥಟ್ಟನೆ ಬಾಗಿಲಿಗೆ ಬರುವಂಥದು. ಈ ವ್ಯಾಧಿಯ ನಡೆ ಬೇರೆ. ಪುರುಷ ಹಾರ್ಮೋನನ್ನು ತಡೆದರೆ ಇದು ಕುಗ್ಗುವುದೆಂದು ಚಾರ್ಲ್ಸ್ ಹಗ್ಗಿನ್ಸ್ 1941ರಲ್ಲಿ ತೋರಿಸಿದರು. 1966ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಹರಡಿದ ಮೇಲೆ ಸಾಮಾನ್ಯವಾಗಿ ಪೂರ್ಣ ಗುಣವಿಲ್ಲವಾದರೂ ಚಿಕಿತ್ಸೆಯಿಂದ ಹಲವರು ವರ್ಷಗಟ್ಟಲೆ ಬದುಕುತ್ತಾರೆ. ಹೊಲ, ಸಾಲ, ಮೊಮ್ಮಕ್ಕಳ ಮದುವೆ ಇವುಗಳ ನಡುವೆ ಕಳೆಯಬೇಕಾದ ಈ ಮಧ್ಯಕಾಲವನ್ನು ತತ್ತ್ವಪದಗಳು ಬಲ್ಲವೆಂದು ನಮಗೆ ತೋರುವುದಿಲ್ಲ.

ಆಳಂದದ ಏಕಾಂತದ ರಾಮಯ್ಯನ ಕಥೆಯೂ ಇಲ್ಲಿ ನೆರವಾಗದು. ತಲೆಯನ್ನರಿದು ಮರಳಿ ಪಡೆದ ಆ ಶರಣನದು ತಾನಾಗಿ ಆರಿಸಿಕೊಂಡ ಸಾವು. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ-ಅಮರಜಾ ಸಂಗಮದಲ್ಲಿ ಮಿಂದು ಹರಕೆ ಹೊರುವವನಿಗೆ ಬೇಕಾದುದು ಗುಣ. ಗುಣವಾಗದ ಬಾಳಿನ ಮಾತು ಅಲ್ಲಿ ಏಳುವುದಿಲ್ಲ.

ಆದರೆ ಇನ್ನೊಂದು ಸಂಗತಿಯುಂಟು. ಹಾರ್ಮೋನನ್ನು ತಡೆಯುವ ಚಿಕಿತ್ಸೆ ಬಹುಮಟ್ಟಿಗೆ ಪುರುಷತ್ವವನ್ನೂ ಕುಗ್ಗಿಸುತ್ತದೆ. ಹೆಂಡತಿಯ ಮುಂದೆಯೂ ಆಡಲಾಗದ ಮಾತಿದು. ಶರಣಸತಿ-ಲಿಂಗಪತಿ ಭಾವದಲ್ಲಿ ಗಂಡಸು ತನ್ನ ಗಂಡುತನವನ್ನು ನಾಚಿಕೆಯಿಲ್ಲದೆ ಕೆಳಗಿಟ್ಟಿದ್ದಾನೆ. ಅದು ಒಲಿದು ಬಿಟ್ಟದ್ದು, ಇದು ಕಸಿದುಕೊಂಡದ್ದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಯುಕ್ತವೇ. ಆದರೂ ಗಂಡುತನವೇ ಮನುಷ್ಯನ ಸರ್ವಸ್ವವಲ್ಲವೆಂದು ಹಾಡುತ್ತ ಬಂದ ಪರಂಪರೆಯಲ್ಲಿ, ಆ ರೋಗಿ ಬಾಯಿ ತೆರೆಯುವುದಕ್ಕೆ ಒಂದು ಎಡೆಯಾದರೂ ಇದೆ. ನಮ್ಮ ವಿಮರ್ಶಕರು ಈ ಭಾವವನ್ನು ಮಧುರಭಕ್ತಿಯ ಪ್ರಕರಣವೊಂದಕ್ಕೇ ಮೀಸಲಿಟ್ಟಿರುವುದು ವಿಷಾದಕರ.

ಅಮೆರಿಕದ ಪುಸ್ತಕವಿಮರ್ಶಕ ಅನಟೋಲ್ ಬ್ರೊಯಾರ್ಡ್‌ಗೆ ಇದೇ ರೋಗ 1989ರಲ್ಲಿ ಪತ್ತೆಯಾಯಿತು. 1990ರಲ್ಲಿ ಆತ ತೀರಿಕೊಂಡ. 1992ರಲ್ಲಿ ಗ್ರಂಥರೂಪದಲ್ಲಿ ಬಂದ ಅವನ ಬರಹಗಳು ಅಂಗದ ಹೆಸರನ್ನೂ ಕಾಮದ ನಷ್ಟವನ್ನೂ ಮರೆಮಾಚದೆ ಹೇಳುತ್ತವೆ. ವೈದ್ಯನು ರೋಗವನ್ನು ಒಳ್ಳೆಯ ವಿಮರ್ಶಕನಂತೆ ಓದಲಿ ಎನ್ನುತ್ತವೆ. ತತ್ತ್ವಪದದಲ್ಲಿ ಈ ವೈಯಕ್ತಿಕತೆಯಿಲ್ಲ. ಬ್ರೊಯಾರ್ಡನ ಬರಹದಲ್ಲಿ ದಮ್ಮಡಿ ಹಿಡಿದು ಪಕ್ಕದಲ್ಲಿ ಕೂರುವ ನೆರೆಯವರಿಲ್ಲ.

ನಮ್ಮ ತತ್ತ್ವಪದ ಸಂಗ್ರಹಗಳು ಸಾಮಾನ್ಯವಾಗಿ ಕರ್ತೃಗಳ ಅನುಕ್ರಮದಲ್ಲಿವೆ. ಹೆಣದ ಮುಂದೆ ಯಾವುದನ್ನು ಹಾಡುತ್ತೀರಿ, ಬದುಕಿರುವ ರೋಗಿಯ ಹಾಸಿಗೆಯ ಬಳಿ ಯಾವುದನ್ನು ಹಾಡುತ್ತೀರಿ, ಯಾವುದನ್ನು ಬೇಕೆಂದೇ ಬಿಡುತ್ತೀರಿ ಎಂದು ಭಜನಾಮೇಳಗಳನ್ನು ಕೇಳಿ ಬರೆದುಕೊಳ್ಳುವ ಕೆಲಸವನ್ನು ಜೇವರ್ಗಿಯ ಹಳ್ಳಿಗಳಿಂದಲೇ ಆರಂಭಿಸಬಹುದು.